ಗುರುವಾರ ಮೂರು ಗಂಟೆ

ಕುಂಟುವವರಿಗೆ ಬೂಟು ಮಾಡಿಕೊಡುವ ಅಂಗಡಿ ಇಪ್ಪತ್ತೆರಡು ಮೆಟ್ಟಿಲು ಹತ್ತಿದ ಮೇಲೆ ಸಿಗುತ್ತದೆ ಎಂದರೆ ಯಾರಿಗಾದರೂ ನಗು ಬಂದೀತು. ಅಂಗಡಿಯವನಿಗೆ ಮಾತ್ರ ಬರುವುದಿಲ್ಲ. ಯಾರಾದರೂ ಕೆಣಕಿದರೆ, "ಮೆಟ್ಟಿಲು ಹತ್ತೋ ಸದ್ದಲ್ಲೇ ಯಾವ ಕಾಲು ಎಷ್ಟು ಗಿಡ್ಡ ಅಂತ ಹೇಳ್ತೀನಿ, ನಿಮಗಾಗುತ್ತಾ?" ಎಂದು ಎದುರು ಕೇಳುತ್ತಾನೆ. ಹೇಳುತ್ತಾನೆ ಕೂಡ, ಅದರಲ್ಲಿ ಎರಡು ಮಾತಿಲ್ಲ. ಕೈಯೂ ಅಷ್ಟೇ ಚೊಕ್ಕ. ಅವನು ಬೂಟಿನ ತಳಕ್ಕೆ ಬೆಂಡಿನ ಪದರ ಕೂರಿಸಿದರೆ ಎರಡಿಂಚು ಗಿಡ್ಡ ಕಾಲಿನವರೂ ಬೀದಿಯಲ್ಲಿ ನೆಟ್ಟಗೆ ನಡೆದು ಹೋಗುತ್ತಾರೆ.

ಬೀದಿಯವರು ಅವನಿಗೆ ಟೈಮಪ್ಪ ಎಂದು ಹೆಸರಿಟ್ಟಿದ್ದರು. ಗೋಡೆಯ ಮೇಲೆ ತಟ್ಟೆಯಗಲದ ಗಡಿಯಾರ, ಅದರ ಕೆಳಗೆ ಅವನದೇ ಕೈಬರಹದ ಫಲಕ: 'ಹೇಳಿದ ಹೊತ್ತಿಗೆ ಬನ್ನಿ.' ಹತ್ತು ನಿಮಿಷ ತಡವಾಗಿ ಬಂದವರಿಗೆ ಕಾಲು ಅಳೆಯುವುದಕ್ಕೆ ಮುಂಚೆ ಹತ್ತು ನಿಮಿಷದ ಉಪದೇಶ. ಉಪದೇಶ ಕೇಳುತ್ತ ಕೂತವರಿಗೆ, ಈ ಹತ್ತು ನಿಮಿಷ ಯಾರ ಲೆಕ್ಕಕ್ಕೆ ಎಂದು ಕೇಳುವ ಧೈರ್ಯ ಬರುತ್ತಿರಲಿಲ್ಲ.

ಇಷ್ಟಾದರೂ ಕೈಕೊಡುವವರು ಕೈಕೊಡುತ್ತಲೇ ಇದ್ದರು. ಒಂದು ಜೊತೆ ಬೂಟಿಗೆ ಮೂರು ಸಲವಾದರೂ ಬರಬೇಕು. ಅಳತೆಗೊಮ್ಮೆ, ಹಾಕಿ ನೋಡುವುದಕ್ಕೊಮ್ಮೆ, ತೆಗೆದುಕೊಂಡು ಹೋಗುವುದಕ್ಕೊಮ್ಮೆ. ನಡುವಿನ ಸಲ ತಪ್ಪಿಸಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅರೆಬರೆ ಬೂಟುಗಳು ಕಪಾಟಿನ ತುಂಬ ಬಾಯಿ ತೆರೆದು ಕೂತಿದ್ದುದನ್ನು ನೋಡಿ ನೋಡಿ ಮಗಳಿಗೆ ರೋಸಿಹೋಯಿತು. ಎರಡು ವರ್ಷದಿಂದ ಅಂಗಡಿಯ ಮುಂಗೋಣೆಯಲ್ಲಿ ಕೂತು ಗಿರಾಕಿಗಳಿಗೆ ಸಮಯ ಕೊಡುವವಳು ಅವಳೇ.

"ಅಪ್ಪಾ, ಇದಕ್ಕೊಂದು ಎಐ ಇದೆ. ಯಾರು ಬರ್ತಾರೆ, ಯಾರು ಬರಲ್ಲ ಅಂತ ಅದೇ ಊಹೆ ಮಾಡುತ್ತೆ. ಬರದೇ ಇರೋರಿಗೆ ಮುಂಚೆನೇ ಫೋನ್ ಮಾಡಿ ನೆನಪಿಸುತ್ತೆ."

"ಅದಕ್ಕೇನು ಕನಸು ಬೀಳುತ್ತಾ, ಯಾರು ಬರಲ್ಲ ಅಂತ?"

"ಕನಸಲ್ಲ. ನಿನ್ನ ಹಳೇ ಪುಸ್ತಕ ಇದಾವಲ್ಲ, ಅದನ್ನೆಲ್ಲ ಓದಿ ಕಲಿಯುತ್ತೆ."

ಟೈಮಪ್ಪ ಉಬ್ಬಿಹೋದ. ದಿನಾಂಕ, ಗಂಟೆ, ಹೆಸರು, ಬಂದರೋ ಇಲ್ಲವೋ, ಎಲ್ಲ ಗೆರೆ ಎಳೆದು ಬರೆದ ಏಳು ದಪ್ಪ ಪುಸ್ತಕ. ತಾನೇ ಧೂಳು ಕೊಡವಿ ತಂದು ಮಗಳ ಮುಂದೆ ಪೇರಿಸಿದ. ಆ ಹೊತ್ತಿನಲ್ಲಿ ಅವನಿಗೆ ಒಂದು ಸಂಗತಿ ನೆನಪಾಗಲೇ ಇಲ್ಲ, ಅಥವಾ ನೆನಪಾಗದಷ್ಟು ಚೆನ್ನಾಗಿ ಅದನ್ನು ಅವನು ಹೂತಿಟ್ಟಿದ್ದ.

ಮಗಳು ವಾರವಿಡೀ ಒಂದೊಂದೇ ಪುಟದ ಫೋಟೋ ತೆಗೆದಳು. ಸೋಮವಾರ ಬೆಳಿಗ್ಗೆ, ಅವನು ಬೆಂಡು ಕತ್ತರಿಸುತ್ತ ಕೂತಿದ್ದಾಗ, ಮುಂಗೋಣೆಯಿಂದ ಅವಳ ದನಿ ಬಂತು.

"ಅಪ್ಪಾ, ಪಟ್ಟಿ ಬಂತು! ಎಲ್ಲರಿಗಿಂತ ಹೆಚ್ಚು ಕೈಕೊಟ್ಟೋರು ಯಾರು ಹೇಳು ನೋಡೋಣ? ಅಂಚೆಯಕ್ಕ! ಹನ್ನೊಂದು ಸಲ ಬಂದಿಲ್ವಂತೆ. ಹನ್ನೊಂದೂ ಗುರುವಾರ ಮೂರು ಗಂಟೆ."

ಅವನ ಕೈಯ ಕತ್ತಿ ನಿಂತಿತು.

ಅಂಚೆಯಕ್ಕ ಎಂದರೆ ಅಂಚೆ ಕಚೇರಿಯ ಗುಮಾಸ್ತೆ. ಟೈಮಪ್ಪನಿಗಿಂತ ಐದಾರು ವರ್ಷ ಚಿಕ್ಕವಳು, ಆದರೆ ಊರಿಗೆಲ್ಲ ಅಕ್ಕ, ಹಾಗಾಗಿ ಅವನಿಗೂ ಅಕ್ಕ. ಎಡಗಾಲು ಎರಡಿಂಚು ಗಿಡ್ಡ. ಅವಳಿಗೆ ಅರ್ಧ ದಿನ ರಜೆ ಸಿಗುತ್ತಿದ್ದುದು ಗುರುವಾರ ಮಾತ್ರ. ಟೈಮಪ್ಪನಿಗೋ, ಮಗಳು ಅಂಗಡಿಗೆ ಬರುವುದಕ್ಕೆ ಮುಂಚೆ ನಾಲ್ಕು ವರ್ಷ ಗುರುವಾರ ಮಧ್ಯಾಹ್ನ ಬಂತೆಂದರೆ ಹಿಂದಿನ ಓಣಿಯ ಪ್ರೆಸ್ಸಿನವನ ಜೊತೆ ಚದುರಂಗ. ಮೂರು ಗಂಟೆಯೊಳಗೆ ಮುಗಿಸಿ ಬಂದೇಬಿಡುತ್ತೇನೆ ಎಂದು ಬಾಗಿಲೆಳೆದುಕೊಂಡು ಹೋಗುವುದು. ಆಟ ಕಾವೇರಿದಾಗ ಮೂರೂ ಇಲ್ಲ, ನಾಲ್ಕೂ ಇಲ್ಲ. ಟೈಮಪ್ಪ ಎಂದು ಬಿರುದು ಹೊತ್ತವನು ಕುದುರೆ ಉಳಿಸಿಕೊಳ್ಳಲು ಗಡಿಯಾರದ ಕಡೆ ಬೆನ್ನು ಹಾಕಿ ಕೂರುತ್ತಿದ್ದ.

ಬೂಟಿನ ಮೇಲ್ಭಾಗ ಹೊಲಿಯುವವಳು ಹೆಂಡತಿ. ಮನೆಯಲ್ಲೇ ಹೊಲಿಯುತ್ತಿದ್ದ ಅವಳು ಶನಿವಾರ ಶನಿವಾರ ಪುಸ್ತಕ ನೋಡುತ್ತಿದ್ದಳು. "ಈ ಬೂಟು ಯಾಕ್ರೀ ಹಾಕಿ ನೋಡಿಲ್ಲ?" ಎಂದು ಕೇಳಿದರೆ ಏನಾದರೂ ಹೇಳಬೇಕಲ್ಲ. ಅದಕ್ಕೆ ಅವನು ಗುರುವಾರ ಸಂಜೆಯೇ, ಅಂದವಾದ ಅಕ್ಷರದಲ್ಲಿ, ಹೆಸರಿನ ಮುಂದೆ 'ಬರಲಿಲ್ಲ' ಎಂದು ಬರೆದಿಡುತ್ತಿದ್ದ.

ಇಷ್ಟೇ ಆಗಿದ್ದರೆ ಸುಳ್ಳು ಸಣ್ಣದು ಎನ್ನಬಹುದಿತ್ತು. ಆದರೆ ಅಂಚೆಯಕ್ಕ ಮುಂದಿನ ವಾರ ಬಂದು, "ಹೋದ ವಾರ ಬಂದಿದ್ದೆ, ಬಾಗಿಲು ಹಾಕಿತ್ತು" ಎನ್ನುತ್ತಿದ್ದಳು. ಅವನು ಪುಸ್ತಕ ತಿರುಗಿಸಿ ತೋರಿಸುತ್ತಿದ್ದ. "ನೋಡಿ ಅಕ್ಕ, ಇಲ್ಲೇ ಬರೆದಿದೆ. ನೀವು ಬುಧವಾರ ಬಂದಿರಬೇಕು, ಇಲ್ಲ ಐದು ಗಂಟೆ ಮೇಲೆ ಬಂದಿರಬೇಕು." ಮೊದಲೆರಡು ಸಲ ಅವಳು ವಾದ ಮಾಡಿದಳು. ಆಮೇಲೆ ಸುಮ್ಮನೆ ತಲೆಯಾಡಿಸಿದಳು. ಅವಳು ವಾದ ನಿಲ್ಲಿಸಿದಾಗ ಅವನಿಗೆ ಹಾಯೆನಿಸಿತ್ತು. ಪ್ರೆಸ್ಸಿನವನು ಊರು ಬಿಟ್ಟ ಮೇಲೆ ಆಟ ನಿಂತಿತು, ವಿಷಯವೂ ಮುಗಿಯಿತು ಎಂದುಕೊಂಡಿದ್ದ.

ಮಗಳು ಫೋನು ಹಿಡಿದು ಒಳಗೆ ಬಂದಳು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ಇನ್ನೊಂದು ತಮಾಷೆ ಕೇಳಪ್ಪ. ಏನು ಬರೆದಿದೆ ಓದ್ತೀನಿ: 'ಹಳೆಯ ಪುಸ್ತಕಗಳಲ್ಲಿ ನಾಲ್ಕು ವರ್ಷ ಗುರುವಾರ ಮಧ್ಯಾಹ್ನ ಯಾರಿಗೆ ಸಮಯ ಕೊಟ್ಟಿದ್ದರೂ ಅರ್ಧದಷ್ಟು ಜನ ಬಂದಿಲ್ಲ. ಅದೇ ಜನ ಬೇರೆ ದಿನಗಳಲ್ಲಿ ತಪ್ಪದೆ ಬಂದಿದ್ದಾರೆ. ಕಾರಣ ಗಿರಾಕಿಗಳಲ್ಲಿ ಇಲ್ಲದಿರಬಹುದು. ಆ ಹೊತ್ತಿನಲ್ಲಿ ಅಂಗಡಿ ತೆರೆದಿತ್ತೇ?' ನೋಡಿದ್ಯಾ! ಟೈಮಪ್ಪನ ಅಂಗಡಿ ಮುಚ್ಚಿತ್ತಾ ಅಂತ ಕೇಳುತ್ತೆ. ನೀನು ಯಾರು ಅಂತ ಪಾಪ ಅದಕ್ಕೇನು ಗೊತ್ತು?"

ಹೌದು ಮಗಳೇ, ಮುಚ್ಚಿತ್ತು, ಎನ್ನಲು ಅವನು ಬಾಯಿ ತೆರೆದ. ಮಗಳ ಕಣ್ಣಲ್ಲಿ ತನ್ನ ಬಗ್ಗೆ ಅಷ್ಟು ಹೆಮ್ಮೆ ಇತ್ತು.

"ಹಳೇ ಪುಸ್ತಕ," ಎಂದ. "ಅಕ್ಷರ ಸರಿಯಾಗಿ ಓದೋಕೆ ಬಂದಿರಲ್ಲ ಅದಕ್ಕೆ."

"ಸರಿ ಬಿಡು. ಅಂಚೆಯಕ್ಕ ಈ ಗುರುವಾರ ಬರೋರಿದ್ದಾರೆ. ಅವರಿಗೆ ಮೂರು ಸಲ ಫೋನ್ ಹೋಗ್ಲಿ ಅಂತ ಹಾಕ್ತೀನಿ. ಅದೇ ಹೊತ್ತಿಗೆ ಇನ್ನೊಬ್ಬರಿಗೂ ಸಮಯ ಕೊಡ್ತೀನಿ. ಹೇಗೂ ಅವರು ಬರೋದು ಅನುಮಾನ."

"ಕೊಡು," ಎಂದ ಅಪ್ಪ. ನೂರಾರು ಜನರಿಗೆ ಹೊತ್ತು ಗೊತ್ತಿನ ಪಾಠ ಹೇಳಿದ ಬಾಯಿಗೆ ಅಂದು ಬಂದದ್ದು ಅಷ್ಟೇ.

ಗುರುವಾರ ಮೂರಕ್ಕೆ ಐದು ನಿಮಿಷವಿರುವಾಗ ಮೆಟ್ಟಿಲ ಮೇಲೆ ಸದ್ದಾಯಿತು. ಒಂದು ಹೆಜ್ಜೆ ಹಗುರ, ಒಂದು ಭಾರ. ನೋಡಬೇಕಾಗಿರಲಿಲ್ಲ. ಒಳಗೆ ಆ ಹೊತ್ತಿಗೆ ಬರಹೇಳಿದ್ದ ಇನ್ನೊಬ್ಬ ಗಿರಾಕಿಯ ಕಾಲು ಅವನ ಕೈಯಲ್ಲಿತ್ತು. ಅಂಚೆಯಕ್ಕ ಮುಂಗೋಣೆಯ ಬೆಂಚಿನ ಮೇಲೆ ನಲವತ್ತು ನಿಮಿಷ ಕೂತಳು. ತನ್ನ ಹೊತ್ತನ್ನು ಬೇರೆಯವರಿಗೆ ಯಾಕೆ ಕೊಟ್ಟಿರಿ ಎಂದು ಕೇಳಲಿಲ್ಲ.

ಕೊನೆಗೆ ಅವಳು ಎತ್ತರದ ಕುರ್ಚಿಯಲ್ಲಿ ಕೂತು ಎಡಗಾಲು ಚಾಚಿದಳು. ಟೈಮಪ್ಪ ಎಂದಿನಂತೆ ಅವಳ ಕಾಲ ಬುಡದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತು ಪಾದವನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯತೊಡಗಿದ.

"ನಿಮ್ಮ ಫೋನು ಬಂದಿದ್ದು ಒಳ್ಳೇದೇ ಆಯ್ತು," ಎಂದಳು. "ಯಾರೋ ಹುಡುಗಿ ತುಂಬಾ ಮೆತ್ತಗೆ ಮಾತಾಡ್ತಾಳೆ. ನನ್ನಂಥೋರಿಗೆ ಬೇಕು ಅದು. ನನಗೆ ಮರೆವು ನೋಡಿ."

"ಮರೆವೇನಿಲ್ಲ ಬಿಡಿ ಅಕ್ಕ."

"ಇಲ್ಲ ಇಲ್ಲ, ನಿಮಗೇ ಗೊತ್ತಲ್ಲ. ಬಂದಿದ್ದೆ ಅಂತ ಎಷ್ಟು ಜಗಳ ಆಡ್ತಿದ್ದೆ ನಿಮ್ಮ ಹತ್ರ! ನಮ್ಮಮ್ಮನಿಗೂ ಹಿಂಗೇ ಶುರುವಾಗಿದ್ದು. ಅದಕ್ಕೆ ನಾನೇ ಹೋಗಿ ಸಾಹೇಬರಿಗೆ ಹೇಳಿ ರಿಜಿಸ್ಟರ್ ಕಾಗದದ ಕಿಟಕಿ ಬಿಟ್ಟುಕೊಟ್ಟೆ. ಯಾರದೋ ಕಾಗದ ಯಾರಿಗೋ ಕೊಟ್ಟುಬಿಟ್ರೆ? ಈಗ ಹಿಂದುಗಡೆ ಕೋಣೇಲಿ ಚೀಲ ಬಿಚ್ಚೋ ಕೆಲಸ. ಜನ ಸಿಗಲ್ಲ ಅಷ್ಟೇ. ಇಪ್ಪತ್ತು ವರ್ಷ ಜನರ ಜೊತೆ ಮಾತಾಡಿ ಅಭ್ಯಾಸ ಆಗಿತ್ತು."

ಪೆನ್ಸಿಲು ಹಿಮ್ಮಡಿಯ ಹತ್ತಿರ ನಿಂತುಬಿಟ್ಟಿತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎಂದು ಜನ ಹೇಳುತ್ತಾರಲ್ಲ, ಟೈಮಪ್ಪನಿಗೆ ಅದೂ ಸಾಲದೆನಿಸಿತು. ತಲೆಯೆತ್ತಲಾಗಲಿಲ್ಲ. ಅವಳ ಪಾದವನ್ನು ನೋಡುತ್ತಲೇ ಹೇಳಿದ.

"ಅಕ್ಕ, ನೀವು ಬಂದಿದ್ರಿ. ನಾನಿರಲಿಲ್ಲ. ಬಾಗಿಲು ಹಾಕ್ಕೊಂಡು ಚದುರಂಗ ಆಡೋಕೆ ಹೋಗಿದ್ದೆ. ಬಂದು ನಿಮ್ಮ ಹೆಸರಿನ ಮುಂದೆ ಹನ್ನೊಂದು ಸಲ ಸುಳ್ಳು ಬರೆದೆ."

ಮುಂಗೋಣೆಯಲ್ಲಿ ಮಗಳ ಕುರ್ಚಿ ಸರಿದ ಸದ್ದು ಕೇಳಿಸಿತು. ಅವಳು ಬಾಗಿಲಿಗೆ ಬಂದು ನಿಂತಿದ್ದಳು.

"ಹನ್ನೊಂದು ಸಲಾನೂ?" ಎಂದಳು ಅಂಚೆಯಕ್ಕ.

"ಹನ್ನೊಂದು ಸಲಾನೂ."

"ಒಂದಾದ್ರೂ ನಾನು ಮರೆತಿರಬಹುದಲ್ವಾ?" ಅವನ ಪರವಾಗಿ ಏನಾದರೂ ಸಿಗುತ್ತದೋ ಎಂದು ಹುಡುಕುವವಳ ಹಾಗೆ ಕೇಳಿದಳು. ಅದೊಂದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ.

"ಒಂದೂ ಇಲ್ಲ ಅಕ್ಕ. ನೀವು ಒಂದನ್ನೂ ಮರೆತಿಲ್ಲ."

ಅವಳು ಪಾದ ಹಿಂದಕ್ಕೆ ತೆಗೆದುಕೊಂಡಳು. ತಾನೇ ಬೂಟು ಹಾಕಿ, ದಾರ ಬಿಗಿದು, ಎದ್ದು ನಿಂತಳು. "ಬರೀರಿ," ಎಂದಳು. "ಪುಸ್ತಕ ತಂದು ನನ್ನ ಮುಂದೆ ಬರೀರಿ."

ಪುಸ್ತಕ ತಂದುಕೊಟ್ಟವಳು ಮಗಳು. ಅಪ್ಪನ ಮುಖ ನೋಡಲಿಲ್ಲ. ಟೈಮಪ್ಪ ಪುಟ ಹುಡುಕಿ ಹುಡುಕಿ ಹನ್ನೊಂದು ಕಡೆ 'ಬರಲಿಲ್ಲ' ಎಂಬುದನ್ನು ಹೊಡೆದುಹಾಕಿ 'ಬಂದಿದ್ದರು, ನಾನಿರಲಿಲ್ಲ' ಎಂದು ಬರೆದ. ಅಕ್ಷರ ಅಂದವಾಗಿರಲಿಲ್ಲ. ಅಂಚೆಯಕ್ಕ ಒಂದೊಂದನ್ನೂ ಓದಿ, ಆ ಪುಟಗಳ ಫೋಟೋ ತೆಗೆಸಿಕೊಂಡು, ಕಿಟಕಿ ವಾಪಸ್ ಕೇಳುವುದಕ್ಕೆ ಸಾಹೇಬರ ಹತ್ತಿರ ಹೋದಳು. ಆ ಕಿಟಕಿಯಲ್ಲಿ ಅಷ್ಟರಲ್ಲಿ ಬೇರೆಯವರು ಕೂತಾಗಿತ್ತು. ಇವತ್ತಿಗೂ ಸಿಕ್ಕಿಲ್ಲ.

ಮಗಳು ಫೋನು ಹೋಗಬೇಕಾದವರ ಪಟ್ಟಿಯಿಂದ ಅಂಚೆಯಕ್ಕನ ಹೆಸರು ತೆಗೆದು ಅಪ್ಪನ ಹೆಸರು ಸೇರಿಸಿದಳು. ಈಗ ಪ್ರತಿ ಗುರುವಾರ ಎರಡೂ ಮುಕ್ಕಾಲಿಗೆ ಟೈಮಪ್ಪನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ. "ಮೂರು ಗಂಟೆಗೆ ನೀವು ಅಂಗಡಿಯಲ್ಲಿ ಇರುತ್ತೀರಾ? ಇರುವುದಾದರೆ ಒಂದನ್ನು ಒತ್ತಿ," ಎಂದು ಆ ಮೆತ್ತನೆಯ ದನಿ ಕೇಳುತ್ತದೆ. ಬೆಳಿಗ್ಗೆಯಿಂದ ಅದೇ ಸ್ಟೂಲಿನ ಮೇಲೆ ಕೂತವನು ಒಂದನ್ನು ಒತ್ತುತ್ತಾನೆ. ಗಡಿಯಾರದ ಕೆಳಗಿನ ಫಲಕವನ್ನು ಅವನೇ ಇಳಿಸಿದ್ದಾನೆ. ಗೋಡೆಯ ಮೇಲೆ ಅದರ ಚೌಕ ಇನ್ನೂ ಬೆಳ್ಳಗೆ ಕಾಣುತ್ತದೆ.

ಅಂಚೆಯಕ್ಕ ಈಗಲೂ ಅಲ್ಲಿಗೇ ಬರುತ್ತಾಳೆ, ಅವಳ ಕಾಲಿಗೆ ಹೊಂದುವ ಬೂಟು ಬೇರೆ ಯಾರೂ ಮಾಡಲಾರರು. ಮೆಟ್ಟಿಲ ಮೇಲೆ ಒಂದು ಹಗುರ, ಒಂದು ಭಾರ ಹೆಜ್ಜೆ ಕೇಳುತ್ತಲೇ ಅವನು ಎದ್ದು ಹೋಗಿ ಎರಡೂ ಬಾಗಿಲು ಅಗಲಕ್ಕೆ ತೆರೆದು ನಿಲ್ಲುತ್ತಾನೆ. ಅವಳು ಹೊಸಿಲ ಹತ್ತಿರ ಬಂದು ನಿಲ್ಲುತ್ತಾಳೆ, ಎದುರಿಗೇ ನಿಂತ ಅವನನ್ನು ನೋಡುತ್ತಾಳೆ, ಆದರೂ ತೆರೆದ ಬಾಗಿಲನ್ನು ಎರಡು ಸಲ ತಟ್ಟುತ್ತಾಳೆ.

"ಇದ್ದೀನಿ ಅಕ್ಕ," ಎನ್ನುತ್ತಾನೆ ಅವನು.