ಛತ್ರದ ಮೇಲೆ ಉಳಿದವಳು

ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಂಬಿದವನಲ್ಲ ನಾನು. ಕಂದಾಯ ಇಲಾಖೆಯ ಗುಮಾಸ್ತ. ಪಹಣಿಯಲ್ಲಿ ಇಲ್ಲದ್ದು ಭೂಮಿಯ ಮೇಲೂ ಇಲ್ಲ ಎಂಬ ಜಂಬ ಇತ್ತು. ಈಗಲೂ ಎಲ್ಲವನ್ನೂ ನಂಬುತ್ತೇನೆ ಅಂತಲ್ಲ. ಆದರೆ ಆ ಒಂದು ಮಧ್ಯಾಹ್ನ ಕಂಡದ್ದನ್ನು ಕಂಡೇ ಇಲ್ಲ ಎನ್ನಲು ನನ್ನಿಂದಾಗದು. ನಗುವವರು ನಗಲಿ.

ತೊಂಬತ್ತರ ದಶಕದ ಒಂದು ಮಳೆಗಾಲ. ಹನಗೋಡಿನ ಕಡೆಯಿಂದ ಲಕ್ಷ್ಮಣತೀರ್ಥ ಉಕ್ಕಿ ಬಂದು ಹುಣಸೂರಿನ ತಗ್ಗಿನ ಬೀದಿಗಳೆಲ್ಲ ಮುಳುಗಿದವು. ಕಚೇರಿಯಲ್ಲಿ ಕೂತು ಅವಸರದಲ್ಲೇ ಕೆಲಸ ಹಂಚಿಕೊಂಡೆವು. ಸಾಲಿಗ್ರಾಮದಿಂದ ಲಾರಿಯಲ್ಲಿ ಹರಿಗೋಲು ಮತ್ತು ಅಂಬಿಗರು, ಕೆ.ಆರ್. ನಗರದಿಂದ ಬಸ್ಸು, ಸೆಳವಿಗೆ ಹರಿಗೋಲು ಹೋಗಲಾರದ ಕಡೆಗೆ ಹೆಲಿಕಾಪ್ಟರ್. ಅದು ಇಳಿಯಲು ಜಾಗ ನೋಡುವುದು ನನ್ನ ಪಾಲಿಗೆ ಬಂತು. ಊರಾಚೆಯ ದಿಣ್ಣೆಯ ಮೇಲೆ ಜವರೇಗೌಡರ ಬೀಳು ಹೊಲ ಗಟ್ಟಿಯಾಗಿತ್ತು. ಸುಣ್ಣದಲ್ಲಿ ದೊಡ್ಡ ವೃತ್ತ ಹಾಕಿದೆ. ಗಾಳಿ ಎತ್ತ ಬೀಸುತ್ತಿದೆ ಎಂದು ಮೇಲಿನವರಿಗೆ ತಿಳಿಯಲೆಂದು ಗೌಡರು ನೆಂದ ಹುಲ್ಲಿಗೆ ಸೀಮೆಎಣ್ಣೆ ಸುರಿದು ಹೊಗೆ ಎಬ್ಬಿಸಿದರು.

ಹೊಳೆದಂಡೆಯ ಹಳೇ ಛತ್ರದ ತಾರಸಿಯ ಮೇಲೆ ಇಪ್ಪತ್ಮೂರು ಜನ ಸಿಕ್ಕಿಬಿದ್ದಿದ್ದಾರೆಂದು ವೈರ್‌ಲೆಸ್‌ನಲ್ಲಿ ಸುದ್ದಿ ಬಂದಿತ್ತು. ಹೆಲಿಕಾಪ್ಟರ್ ನಾಲ್ಕು ಸಲ ಹೋಗಿ ಬಂತು. ಇಳಿದವರ ಭುಜ ಮುಟ್ಟಿ ಗೌಡರು ಎಣಿಸುತ್ತಿದ್ದರು, ನಾನು ಹೆಸರು ಬರೆದುಕೊಳ್ಳುತ್ತಿದ್ದೆ. ನಮ್ಮ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಗೌಡರು ಮನುಷ್ಯರನ್ನೂ ಹಾಗೇ ಎಣಿಸಿದರು: ಲಾಭ, ಎರಡು, ಮೂರು.

ಕೊನೆಯ ಸರದಿಯಲ್ಲಿ ರೆಕ್ಕೆಯ ಗಾಳಿಗೆ ಎಲ್ಲರೂ ತಲೆ ತಗ್ಗಿಸಿ ಓಡಿಬಂದರು. ಒಬ್ಬ ಮುದುಕಿ ಮಾತ್ರ ನಿಧಾನವಾಗಿ ನಡೆದು ಬಂದಳು. ಅವಳ ಸೆರಗು ಹಾರುತ್ತಿರಲಿಲ್ಲ. ಬರೆಯುವ ಗಡಿಬಿಡಿಯಲ್ಲಿ ಆಗ ಅದು ವಿಚಿತ್ರ ಅನ್ನಿಸಲಿಲ್ಲ. ಅವಳು ನನ್ನ ಮುಂಗೈ ಹಿಡಿದುಕೊಂಡಳು. ಮಿಕ್ಕವರೆಲ್ಲ ತೊಪ್ಪೆಯಾಗಿದ್ದರು, ಅವಳ ಕೈ ಒಣಗಿತ್ತು, ಬೆಚ್ಚಗಿತ್ತು.

“ನನ್ ತಂಗಿ ಇನ್ನೂ ಮೇಲವ್ಳೆ ಕಣಪ್ಪ. ನೀರಿನ ತೊಟ್ಟಿ ಹಿಂದ್ಗಡೆ ಬಿದ್ದವ್ಳೆ. ಬುಟ್ಬುಟ್ಟು ಓಗ್ಬ್ಯಾಡಿ” ಅಂದಳು.

‘ಮುದುಕಿ, ಹೆಸರು ಕೇಳಬೇಕು’ ಎಂದು ಬರೆದು ತಲೆ ಎತ್ತಿದರೆ ಅವಳಿಲ್ಲ. ನನ್ನ ಪಟ್ಟಿಯಲ್ಲಿ ಇಪ್ಪತ್ನಾಲ್ಕು ಸಾಲು. ಗೌಡರ ಎಣಿಕೆ ಇಪ್ಪತ್ಮೂರು.

“ಮುದ್ಕಿ ಯಾವ್ಳೂ ಇಳೀನಿಲ್ಲ ಕಣಪ್ಪ. ಎಲ್ಲಾರ್ ಭುಜಾನೂ ಮುಟ್ಟಿವ್ನಿ” ಅಂದರು ಗೌಡರು. ಇಳಿದು ಬಂದವರನ್ನು ಕೇಳಿದೆ. ಅಂಥವಳನ್ನಾಗಲಿ, ತೊಟ್ಟಿಯ ಹಿಂದೆ ಬಿದ್ದವಳನ್ನಾಗಲಿ ಯಾರೂ ಕಂಡಿರಲಿಲ್ಲ.

ನಮ್ಮ ಸಾಹೇಬರು ಬೇರೆ ಜಿಲ್ಲೆಯವರು. ಗೌಡರ ‘ಲಾಭ’ ಕೇಳಿ ಅವರಿಗೆ ಕೂಡಲೇ ಕಾರಣ ಹೊಳೆಯಿತು. “ಅವರ ಲಾಭಕ್ಕೂ ಒಂದು ಸಾಲು ಬರೆದಿದ್ದೀಯ, ಅಷ್ಟೇ. ಎಲ್ಲರೂ ಇಳಿದರು ಅಂತ ಪಟ್ಟಿಗೆ ಸಹಿ ಹಾಕು, ಹೆಲಿಕಾಪ್ಟರ್ ಹೋಗಲಿ” ಅಂದರು. ಎಚ್.ಡಿ. ಕೋಟೆ ಕಡೆಯೂ ಜನ ಮಾಡಿನ ಮೇಲೆ ಕೂತು ಕಾಯುತ್ತಿದ್ದರು, ಅದೇನು ಸುಳ್ಳಲ್ಲ. ನಾನು ತಡೆದು, ಅಲ್ಲಿ ಯಾರಿಗಾದರೂ ಹೆಚ್ಚುಕಮ್ಮಿಯಾದರೆ ಆ ಪಾಪ ನನ್ನ ತಲೆಗೇ.

ಆದರೂ ಪೈಲಟ್ಟನ ಬಾಗಿಲಿಗೆ ಅಡ್ಡ ನಿಂತೆ. “ಸಹಿ ಹಾಕಲ್ಲ ಸಾರ್. ಒಬ್ಬರು ಮೇಲೆ ಉಳಿದಿದ್ದಾರೆ.”

“ಯಾರು ಹೇಳಿದ್ದು? ಹೇಳಿದವರನ್ನ ಕರ್ಕೊಂಡು ಬಾ.”

ನಾನು ಬಾಗಿಲು ಬಿಟ್ಟು ಕದಲಲಿಲ್ಲ.

“ಕೆಲಸ ಹೋಗುತ್ತೆ, ನೋಡು.”

“ಹೋದ್ರೆ ಹೋಗ್ಲಿ ಸಾರ್.”

ಗೌಡರು ಬಂದು ನನ್ನ ಪಕ್ಕ ನಿಂತರು. “ನಾನಂತೂ ಕಂಡಿಲ್ಲ ಸಾ. ಆದ್ರೂವೆ ಇಂಗ್ ಕಾಲ್ ಊರ್ಕಂಡ್ ನಿಂತವ್ರೆ ಅಂದ್ರೆ ಇನ್ನೊಂದ್ಕಿತ ನೋಡ್ಕಂಡ್ ಬರ್ಲಿ ಬುಡಿ.” ಪೈಲಟ್ಟು ಗಡಿಯಾರ ನೋಡಿದ. ಹತ್ತು ನಿಮಿಷ, ಅದಕ್ಕಿಂತ ಹೆಚ್ಚಿಲ್ಲ ಎಂದು ಹೇಳಿ ಹೊರಟ.

ತೊಟ್ಟಿಯ ಹಿಂದೆ ಹೆಂಗಸೊಬ್ಬಳು ಬಿದ್ದಿದ್ದಳು. ಮುರಿದ ತಗಡಿನಡಿ ಕಾಲು ಸಿಕ್ಕಿ ಎಚ್ಚರ ತಪ್ಪಿತ್ತು. ಅವಳನ್ನು ದಿಣ್ಣೆಗೆ ತಂದಿಳಿಸಿ, ಆಮೇಲೆ ಕೋಟೆಯ ಕಡೆ ಹೋಗಿ ಅಲ್ಲಿಯವರನ್ನೂ ಕರೆತಂದರು. ತಡವಾಯಿತೆಂದು ಅವರು ನಮ್ಮನ್ನು ಬಾಯಿಗೆ ಬಂದಂತೆ ಬೈದರು. ಬೈಯಲು ಎಲ್ಲರೂ ಉಳಿದಿದ್ದರಲ್ಲ, ನನಗೆ ಅಷ್ಟೇ ಸಾಕಿತ್ತು. ಸಂಜೆಯೊಳಗೆ ಛತ್ರ ಹೊಳೆಗೆ ಕುಸಿಯಿತು.

ಎಚ್ಚರವಾದ ಮೇಲೆ ಆ ಹೆಂಗಸಿಗೆ ಅವಳ ಅಕ್ಕನ ವಿಷಯ ಹೇಳಿದೆ. ನನ್ನ ಮುಖವನ್ನೇ ನೋಡಿದಳು. “ಯಾವ ಅಕ್ಕ? ನಮ್ಮವ್ವಂಗೆ ನಾನೊಬ್ಳೇ ಮಗ್ಳು ಕಣಪ್ಪ.”

ಆಜ್ಞೆ ಮೀರಿದ್ದಕ್ಕೆ ನೋಟಿಸು ಬಂತು. ಅವಳು ಅಲ್ಲಿದ್ದುದು ತಿಳಿದದ್ದು ಹೇಗೆ, ವಿವರಿಸಿ ಎಂದಿತ್ತು. ‘ಒಬ್ಬ ಮುದುಕಿ ಹೇಳಿದಳು’ ಎಂದು ಬರೆದೆ. ವಾಪಸು ಬಂತು. ಮತ್ತೆ ಅದನ್ನೇ ಬರೆದೆ. ಸಾಹೇಬರು ಕೆಟ್ಟವರಲ್ಲ, ಒಳಗೆ ಕರೆದು ಬುದ್ಧಿ ಹೇಳಿದರು: “‘ನನಗೇ ಅನುಮಾನ ಬಂತು’ ಅಂತ ಬರಿಯಪ್ಪ. ಕಡತ ಮುಚ್ಚಿ, ನಿನ್ನನ್ನೇ ಹೊಗಳಿ ಒಂದು ಪತ್ರ ಕೊಡ್ತೀನಿ.” ಬರೆಯಲಿಲ್ಲ. ಬಡ್ತಿ ಬಹಳ ಕಾಲ ನಿಂತುಹೋಯಿತು.

ನಿದ್ದೆಗೆಟ್ಟ ತಲೆಯ ಭ್ರಮೆ ಅಂತ ಎಷ್ಟೋ ಜನ ಹೇಳಿದ್ದಾರೆ. ಇರಬಹುದು. ನಾನು ಆ ತಾರಸಿಯನ್ನು ಕಂಡವನೇ ಅಲ್ಲ, ನನ್ನ ಭ್ರಮೆಗೆ ತೊಟ್ಟಿಯ ಗುರುತು ಕೊಟ್ಟವರು ಯಾರು? ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಅವಳು ಹೇಳಿದಳು, ನಾನು ಕೇಳಿದೆ. ಅವಳ ಮಾತನ್ನು ನನ್ನದೆಂದು ಬರೆದುಕೊಳ್ಳಲು ನಾನ್ಯಾರು?