ರಾಣಿಯ ಮುಖ, ನನ್ನ ಹೆಬ್ಬೆಟ್ಟು

ಬರಿಯ ಕಾಗದದ ಮೇಲೆ ಸಹಿ ಮಾಡಲು ನನಗೆ ಬರುವುದಿಲ್ಲ. ಕೆಳಗೊಂದು ರೆವಿನ್ಯೂ ಸ್ಟಾಂಪ್ ಇರಬೇಕು. ಅರ್ಧ ಸಹಿ ಸ್ಟಾಂಪಿನ ಮೇಲೆ, ಅರ್ಧ ಕಾಗದದ ಮೇಲೆ. ಹಾಗಿದ್ದರೆ ಮಾತ್ರ ನನ್ನ ಕೈ ಓಡುತ್ತದೆ. ಅಮೆರಿಕಕ್ಕೆ ಬಂದಿಳಿದ ದಿನ ಯಾವುದೋ ಕಾಗದ ಕೊಟ್ಟು ಸಹಿ ಹಾಕಿ ಎಂದರು. ನೋಡಿದರೆ ಒಂದು ಖಾಲಿ ಗೆರೆ, ಅಷ್ಟೆ. ಸ್ಟಾಂಪ್ ಹಿಂದುಗಡೆ ಇರಬಹುದೆಂದು ತಿರುವಿ ನೋಡಿದೆ, ಅಲ್ಲೂ ಇಲ್ಲ. ಕಡೆಗೆ ನಾನು ಹಾಕಿದ ಸಹಿ ಬಿಲ ತಪ್ಪಿದ ಇಲಿಮರಿಯ ಹಾಗೆ ಗೆರೆಯ ಮೇಲೂ ಕೆಳಗೂ ಓಡಾಡಿ ಒಂದು ಮೂಲೆಯಲ್ಲಿ ಅಡಗಿಕೊಂಡಿತು.

ನಾನು ಮೂರನೇ ಕ್ಲಾಸು ದಾಟಿದವನಲ್ಲ. ನಮ್ಮಪ್ಪ ಹೆಬ್ಬೆಟ್ಟಿನವರು. "ನನ್ನ ಮಗ ಮಸಿಗೆ ಬೆರಳು ಅದ್ದಬಾರದು" ಎಂದು ಹಟ ಹಿಡಿದು ನನ್ನನ್ನು ಸ್ಕೂಲಿಗೆ ಕಳಿಸಿದರು. ಸಹಿ ಮಾಡಲು ಬಂದ ಮೇಲೆ ಓದು ಮುಗಿಯಿತೆಂದು ಇಬ್ಬರೂ ಒಪ್ಪಿಕೊಂಡೆವು. ಮದ್ದೂರಿನ ಕಡೆಯ ಒಂದು ಸಹಕಾರ ಸಂಘದಲ್ಲಿ ಜವಾನನಾದೆ. ರಸೀದಿಗಳಿಗೆ ಸ್ಟಾಂಪ್ ಅಂಟಿಸುವುದು ನನ್ನ ಪಾಲಿನ ಕೆಲಸ. ಕಾರ್ಯದರ್ಶಿಗಳ ಮೇಜಿನ ಮೇಲೆ ಸ್ಪಂಜಿನ ಬಟ್ಟಲೇನೋ ಇತ್ತು. ಆದರೆ ಅದರಲ್ಲಿ ನೀರು ಕಂಡವರಿಲ್ಲ, ಅವರು ಅದಕ್ಕೆ ಗುಂಡುಪಿನ್ನು ಚುಚ್ಚಿಡುತ್ತಿದ್ದರು. ಹಾಗಾಗಿ ನನ್ನ ನಾಲಿಗೆಯೇ ಸಂಘದ ಸ್ಪಂಜು. ಎಲ್ಲಾದರೂ ಸ್ಟಾಂಪಿನ ಮೂಲೆ ಎದ್ದಿದ್ದು ಕಂಡರೆ ಹೆಬ್ಬೆರಳು ತಾನಾಗಿ ನಾಲಿಗೆಗೆ ಹೋಗಿ ಬಂದು ಅದನ್ನು ಒತ್ತಿಬಿಡುತ್ತಿತ್ತು. ಈ ಹೆಬ್ಬೆರಳನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಆಗೆಲ್ಲ ನಾನೊಂದು ಯೋಚನೆ ಮಾಡುತ್ತಿದ್ದೆ. ನಾನು ಹುಡುಗನಾಗಿದ್ದಾಗ ಆ ಸ್ಟಾಂಪಿನಲ್ಲಿ ಇಂಗ್ಲೆಂಡಿನ ರಾಜನ ತಲೆ ಇರುತ್ತಿತ್ತು. ರಾಜನನ್ನು ಬೀದಿಯಲ್ಲಿ ಬೈದರೆ ಜೈಲು. ಅದೇ ರಸೀದಿಯಲ್ಲಾದರೆ ಅವನ ಮೂಗಿನಿಂದ ಕಿವಿಯವರೆಗೆ ಮಸಿಯಲ್ಲಿ ಗೀಚಬೇಕು, ಗೀಚದಿದ್ದರೆ ರಸೀದಿಯೇ ಚಲಾವಣೆಯಾಗದು! ತನ್ನ ಮುಖಕ್ಕೆ ಮಸಿ ಬಳಿಯಿರಿ ಎಂದು ಪ್ರಜೆಗಳಿಗೆ ಆಜ್ಞೆ ಮಾಡಿ, ಅದಕ್ಕೆ ಕಾಸನ್ನೂ ಇಸಿದುಕೊಂಡ ಸರಕಾರ ಇನ್ನೊಂದಿದೆಯೇ, ನೀವೇ ಹೇಳಿ.

ಇರಲಿ, ಮೊಮ್ಮಗಳ ವಿಷಯಕ್ಕೆ ಬರುತ್ತೇನೆ. ಮಕ್ಕಳನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ನಾನು ಹೊಗಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಅಟ್ಲಾಂಟದಲ್ಲಿ ಒಲಿಂಪಿಕ್ಸ್ ಮುಗಿದ ಮಾರನೆಯ ವರ್ಷ ಅಲ್ಲೇ ಹತ್ತಿರದ ಲಾರೆನ್ಸ್‌ವಿಲ್‌ನ ಮಗಳ ಮನೆಗೆ ಬಂದಾಗ ಅನುಗೆ ಹತ್ತು ವರ್ಷ. ಅವಳ ವಯಸ್ಸಿನ ಮಕ್ಕಳು ಗೊಂಬೆ ಕೂಡಿಡುತ್ತಿದ್ದರೆ ಇವಳು ಸ್ಟಾಂಪ್ ಕೂಡಿಡುತ್ತಿದ್ದಳು! ರಕ್ತ ಎಲ್ಲಿಗೆ ಹೋಗುತ್ತದೆ? ಅಳಿಯಂದಿರು ಅದು ಸ್ಕೂಲಿನಲ್ಲಿ ಹತ್ತಿದ ಹುಚ್ಚು ಎಂದರು. ಅಳಿಯಂದಿರು ಒಳ್ಳೆಯವರು, ರಕ್ತದ ವಿಷಯ ಅವರಿಗೆ ತಿಳಿಯದು.

ಎದುರುಮನೆಯಲ್ಲಿ ಡೊರೊಥಿ ಎಂಬ ವಯಸ್ಸಾದ ಆಂಟಿ ಇದ್ದರು. ಅವರ ಮುತ್ತಜ್ಜ ಇಂಗ್ಲೆಂಡಿನಿಂದ ಬಂದವರಂತೆ. ಆತ ಅಲ್ಲಿ ಒಂದು ಹಸು ಕೊಂಡುಕೊಂಡ ರಸೀದಿ ಅವರ ಹತ್ತಿರವಿತ್ತು. ಅದರ ಮೇಲೆ ಒಂದು ಪೆನ್ನಿಯ ನೇರಳೆ ಸ್ಟಾಂಪ್, ಸ್ಟಾಂಪಿನಲ್ಲಿ ವಿಕ್ಟೋರಿಯಾ ರಾಣಿಯ ತಲೆ. "ಇದು ಏನು ಅಂತ ಕಂಡುಹಿಡಿದು ಹೇಳು" ಎಂದು ಅನುವಿನ ಕೈಗೆ ಕೊಟ್ಟರು. ಅನು ಮಾತು ಕೊಟ್ಟಳು. ಅಷ್ಟೇ ಅಲ್ಲ, ಮುಂದಿನ ವಾರದ ಸ್ಟಾಂಪ್ ಪ್ರದರ್ಶನದಲ್ಲಿ ಮಕ್ಕಳ ಮೇಜಿಗೆ ಅದನ್ನೇ ಇಡುತ್ತೇನೆಂದು ಹೆಸರನ್ನೂ ಬರೆಸಿಬಂದಳು.

ಶನಿವಾರ ಲೈಬ್ರರಿಯಲ್ಲಿ ಸ್ಟಾಂಪ್ ಕ್ಲಬ್ಬು ಸೇರುತ್ತಿತ್ತು. ಮಗಳು ಸರಳ ಡ್ರೈವ್ ಮಾಡಿದಳು, ನಾನು ಪಂಚೆ ಬಿಟ್ಟು ಪ್ಯಾಂಟು ಹಾಕಿಕೊಂಡು ಹೊರಟೆ. ಅಲ್ಲಿ ವಾಲ್ಟರ್ ಎಂಬ ಹಿರಿಯರು, ನನಗಿಂತ ದೊಡ್ಡವರೇ, ಕಣ್ಣಿಗೆ ಭೂತಗನ್ನಡಿ ಹಿಡಿದು ರಸೀದಿಯನ್ನು ಬಹಳ ಹೊತ್ತು ನೋಡಿದರು. ಅವರು ಹೇಳಿದ್ದನ್ನು ಅನು ನನಗೆ ತನ್ನ ಕನ್ನಡದಲ್ಲಿ ಹೇಳಿದಳು.

"ತಾತ, ಈ ಸ್ಟಾಂಪ್ ಲೆಟರ್‌ಗೂ ಹಾಕ್ತಾರೆ, ರಸೀದಿಗೂ ಹಾಕ್ತಾರೆ. ಲೆಟರ್ ಆದ್ರೆ ರೌಂಡ್ ಸೀಲ್ ಇರುತ್ತೆ. ರಸೀದಿ ಆದ್ರೆ ಸೈನ್ ಇರುತ್ತೆ."

"ಅದು ನನಗೆ ಗೊತ್ತಮ್ಮಾ. ಇದು ಅಸಲಿಯೋ ಅಲ್ಲವೋ, ಅದನ್ನ ಹೇಳು."

"ದಟ್ಸ್ ದ ಪ್ರಾಬ್ಲಮ್" ಎಂದಳು ಅನು, ತುಟಿ ಕಚ್ಚಿಕೊಂಡು.

ರಸೀದಿಯೇನೋ ಹಳೆಯದೇ. ಆದರೆ ಮೂಲ ಸ್ಟಾಂಪ್ ಉದುರಿಹೋಗಿ ಯಾರೋ ಆಮೇಲೆ ನಕಲು ಅಂಟಿಸಿರಲೂಬಹುದು. ಸಹಿ ಅಂಚು ದಾಟಿದ್ದರೆ ಗೊತ್ತಾಗುತ್ತಿತ್ತು, ಆದರೆ ಆ ಮಸಿ ಪೂರ್ತಿ ಮಾಸಿಹೋಗಿತ್ತು. ಇನ್ನುಳಿದದ್ದು ಒಂದೇ ಪರೀಕ್ಷೆ. ಒಮ್ಮೆ ಬಳಸಿದ ಸ್ಟಾಂಪನ್ನು ತೊಳೆದು ಮತ್ತೆ ಬಳಸುವವರು ಆ ಕಾಲದಲ್ಲೂ ಇದ್ದರಂತೆ. (ಈ ವಿಷಯದಲ್ಲಿ ಇಂಗ್ಲೆಂಡೂ ಮದ್ದೂರೂ ಒಂದೇ.) ಅದಕ್ಕೇ ಆ ನೇರಳೆ ಬಣ್ಣವನ್ನು ನೀರು ಸೋಕಿದರೆ ಬಿಡುವ ಹಾಗೆ ಮಾಡಿದ್ದರಂತೆ. ಬಣ್ಣ ಬಿಟ್ಟರೆ ಅಸಲಿ, ಆದರೆ ಬಣ್ಣ ಬಿಟ್ಟರೆ ಸ್ಟಾಂಪು ಹಾಳು. ಬೆಂಕಿಕಡ್ಡಿ ಹೊತ್ತುತ್ತದೋ ಇಲ್ಲವೋ ಎಂದು ಗೀರಿ ನೋಡಿದ ಹಾಗೆ. ಹೀಗಾಗಿ ಯಾರೂ ನೀರಿನ ಹತ್ತಿರ ಹೋಗುವಂತಿಲ್ಲ. ಅಸಲಿಯೆಂದು ಖಾತ್ರಿಯಾಗದೆ ಪ್ರದರ್ಶನಕ್ಕೆ ಇಡುವಂತೆಯೂ ಇಲ್ಲ ಎಂದು ವಾಲ್ಟರ್ ಮೆತ್ತಗೆ ಹೇಳಿದರು. ಅನುವಿನ ಮುಖ ಸಣ್ಣದಾಯಿತು.

ಈ ಮಾತೆಲ್ಲ ನಡೆಯುತ್ತಿದ್ದಾಗ ರಸೀದಿ ನನ್ನ ಮುಂದೆಯೇ ಇತ್ತು. ಸ್ಟಾಂಪಿನ ಒಂದು ಮೂಲೆ ಎದ್ದಿತ್ತು.

ನಾನು ಏನೂ ಮಾಡಲಿಲ್ಲ. ದೇವರಾಣೆಗೂ ನಾನು ಮಾಡಲಿಲ್ಲ, ಹೆಬ್ಬೆರಳು ಮಾಡಿತು. ನಾಲಿಗೆಗೆ ಹೋಯಿತು, ಬಂತು, ಒತ್ತಿತು.

"ಅಪ್ಪಾ! ಏನ್ ಮಾಡ್ಬಿಟ್ರಿ!" ಎಂದು ಸರಳ ತಲೆಯ ಮೇಲೆ ಕೈ ಹೊತ್ತಳು. ಅನುವಿನ ಕಣ್ಣಲ್ಲಿ ನೀರು ತುಂಬಿತು. "ತಾತ... ಯು ಲಿಕ್ಡ್ ದ ಕ್ವೀನ್!"

ನಾನು ಕೈ ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಅಡಗಿಸಿದೆ, ಹಲಸಿನ ತೊಳೆ ಕದ್ದವನ ಹಾಗೆ. ವಾಲ್ಟರ್ ಎದ್ದು ಬಂದರು. ಬೈಯುತ್ತಾರೆಂದುಕೊಂಡರೆ ನನ್ನ ಕೈ ಹಿಡಿದೆಳೆದು, ಸ್ಟಾಂಪನ್ನು ನೋಡುವುದು ಬಿಟ್ಟು ನನ್ನ ಹೆಬ್ಬೆರಳಿಗೆ ಭೂತಗನ್ನಡಿ ಹಿಡಿದರು. ಬೆರಳ ತುದಿ ನೇರಳೆ ಹಣ್ಣು ತಿಂದವನ ನಾಲಿಗೆಯ ಹಾಗಿತ್ತು. ಆ ಮನುಷ್ಯ ನಕ್ಕರು ನೋಡಿ, ಲೈಬ್ರರಿಯವರು ಬಂದು ಸುಮ್ಮನಿರಿ ಎನ್ನಬೇಕಾಯಿತು.

"ತಾತ! ಇಟ್ಸ್ ರಿಯಲ್!" ಎಂದು ಅನು ಕಣ್ಣೀರಿನಲ್ಲೇ ಕುಣಿದಳು. ಹಾಳಾದದ್ದು ಎದ್ದಿದ್ದ ಆ ಮೂಲೆ ಮಾತ್ರ. ರಾಣಿಯ ಮೂಗು ನೆಟ್ಟಗೇ ಇತ್ತು. ಆದರೆ ಪಕ್ಕದ ಕಾಗದದ ಮೇಲೆ ಗೆರೆಗೆರೆಯಾಗಿ, ಸೊಗಸಾಗಿ, ಒಂದು ನೇರಳೆ ಗುರುತು ಬಿದ್ದಿತ್ತು.

ಡೊರೊಥಿಯವರ ಮನೆಗೆ ಅಪರಾಧಿಯ ಹಾಗೆ ಹೋದೆ. ಮಗಳ ಮೂಲಕ ಕ್ಷಮೆ ಕೇಳಿದೆ. ಅವರು ರಸೀದಿ ನೋಡಿದರು, ನನ್ನ ಬೆರಳು ನೋಡಿದರು, "ನಿಮ್ಮ ತಂದೆಗೆ ಹಸುಗಳ ವಿಷಯ ಗೊತ್ತೇ?" ಎಂದು ಸರಳಳನ್ನು ಕೇಳಿದರು. ಗೊತ್ತು ಎಂದಳು. "ಹಾಗಾದರೆ ಸರಿ. ಹಸುವಿನ ವ್ಯಾಪಾರಕ್ಕೆ ಇಷ್ಟು ದಿನ ಸಾಕ್ಷಿಯೇ ಇರಲಿಲ್ಲ" ಎಂದು ಹಣ್ಣು ತುಂಬಿ ಬೇಯಿಸಿದ ಒಂದು ತುಂಡು ಪೈ ಕೊಟ್ಟು ಕಳಿಸಿದರು.

ಪ್ರದರ್ಶನದಲ್ಲಿ ಅನುಗೆ ಬಹುಮಾನ ಬರಲಿಲ್ಲ. ತೀರ್ಪುಗಾರರಿಗೆ ಕಣ್ಣಿರಲಿಲ್ಲ, ಬಿಡಿ. ಆದರೆ ಎಲ್ಲ ಮೇಜುಗಳಿಗಿಂತ ಹೆಚ್ಚು ಜನ ನಿಂತದ್ದು ಅವಳ ಮೇಜಿನ ಮುಂದೆ. ರಸೀದಿಗೆ ಗಾಜು ಹಾಕಿಸಿದ್ದಳು. ರಾಣಿಯ ಕಡೆಗೆ ಒಂದು ಬಾಣದ ಗುರುತು ಹಾಕಿ "ಅಸಲಿ ಸ್ಟಾಂಪ್" ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಇನ್ನೊಂದು ಬಾಣ ನೇರಳೆ ಗುರುತಿನ ಕಡೆಗೆ. ಅದರ ಕೆಳಗೆ, ನಾನೇ ಕಲಿಸಿದ ಕನ್ನಡದಲ್ಲಿ, ಸೊಟ್ಟಸೊಟ್ಟಗೆ, "ನನ್ನ ತಾತ".

ನಮ್ಮಪ್ಪ ಮೂರು ವರ್ಷ ಫೀಸು ಕಟ್ಟಿ ನನ್ನನ್ನು ಹೆಬ್ಬೆಟ್ಟಿನಿಂದ ಪಾರು ಮಾಡಿದರು. ನನ್ನ ಸಹಿಯನ್ನು ಈವರೆಗೆ ಯಾರೂ ನಿಂತು ನೋಡಿಲ್ಲ. ಹೆಬ್ಬೆಟ್ಟಿಗೆ ಮೊಮ್ಮಗಳು ಗಾಜು ಹಾಕಿಸಿದಳು. ಇದನ್ನು ಅಪ್ಪನಿಗೆ ಹೇಳುವಂತಿದ್ದರೆ ಮೊದಲು ಬೈಯುತ್ತಿದ್ದರು, ಆಮೇಲೆ ತಮ್ಮ ಹೆಬ್ಬೆರಳನ್ನೊಮ್ಮೆ ತಿರುವಿ ನೋಡಿಕೊಳ್ಳುತ್ತಿದ್ದರು.