ಅಡಿಗಲ್ಲಿನ ಮೇಲೆ ಕೂತವಳು

ಭದ್ರಾವತಿಯ ನಮ್ಮ ಮನೆಯೆದುರಿನ ಕುಲುಮೆಯಲ್ಲಿ ಗಂಡ ಇಕ್ಕಳ ಹಿಡಿದರೆ, ದೊಡ್ಡ ಸುತ್ತಿಗೆ ಬೀಸುತ್ತಿದ್ದವಳು ಹೆಂಡತಿ. ಸೆರಗನ್ನು ಸೊಂಟಕ್ಕೆ ಬಿಗಿದು, ಯಾರನ್ನಾದರೂ ಬೈಯುತ್ತಲೇ ಬಡಿಯುತ್ತಿದ್ದಳು. ಕಾದ ಕಬ್ಬಿಣವಿಟ್ಟು ಬಡಿಯುವ ಉಕ್ಕಿನ ಅಡಿಗಲ್ಲಿನ ಮೇಲೆ ಗಿರಾಕಿ ಮರೆತು ಕೈಚೀಲ ಇಟ್ಟರೂ ಸಾಕು, "ಅನ್ನ ಕೊಡೋ ಜಾಗ ಅದು, ತೆಗಿ ಮಾರಾಯ!" ಎಂದು ಗದರುವಳು.

ಒಮ್ಮೆ ಗಂಡ ಗುಜರಿಯಿಂದ ಹಳೇ ಉಳಿಗಳನ್ನು ತಂದ. ಅವುಗಳ ಬುಡ ದಪ್ಪ. ಉಳಿ ಸಿಕ್ಕಿಸಿ ನಿಲ್ಲಿಸಲೆಂದು ಅಡಿಗಲ್ಲಿನಲ್ಲಿದ್ದ ಚೌಕದ ತೂತಿಗೆ ಇಳಿಯಲಿಲ್ಲ. ಒಂದೊಂದನ್ನೂ ಅರದಿಂದ ಉಜ್ಜಲು ಬೇಸರವಾಗಿ, ತೂತನ್ನೇ ಅಗಲ ಮಾಡಿಸಲು ಗ್ಯಾಸ್ ಕಟಿಂಗಿನವನನ್ನು ಕರೆತಂದ.

"ಆ ಬೆಂಕಿ ತಾಗಿದ್ರೆ ಅಡಿಗಲ್ಲಿನ ಹದ ಹೋಗತ್ತೆ. ನಿಮ್ಮ ಸೋಮಾರಿತನಕ್ಕೆ ಅದನ್ನ ಸುಡ್ತೀರಾ?"

"ಏನೂ ಆಗಲ್ಲ, ಸುಮ್ನಿರೆ," ಎಂದ ಗಂಡ.

ಅವಳು ಸುತ್ತಿಗೆ ಎಸೆದು, ಅಡಿಗಲ್ಲನ್ನೇರಿ ಕೂತೇಬಿಟ್ಟಳು. "ಈಗ ಹಚ್ಚಿ, ನೋಡ್ತೀನಿ!"

ಗ್ಯಾಸಿನವನು ಪೈಪು ಸುತ್ತಿಕೊಂಡು ಹೊರಟ. ಗಂಡ ಹಲ್ಲು ಕಚ್ಚಿ ಅರ ಹಿಡಿದ. ಒಂದು ಉಳಿಯ ಬುಡ ಸಣ್ಣಗಾದ ಮೇಲೆಯೇ ಅವಳು ಇಳಿದದ್ದು. ಇಳಿದವಳೇ ಅಡಿಗಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. "ತಪ್ಪಾಯ್ತು ತಾಯಿ, ನಿನ್ನ ಮೇಲೆ ಕೂತೆ," ಎಂದು ಬಿಕ್ಕಿದಳು.

ಆಮೇಲೆ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು: "ಮಿಕ್ಕಿದ್ದನ್ನ ಯಾರು ಉಜ್ತಾರೆ?"